ಕಾಲುಚೀಲದ ಒಳಪದರ

ಅಳಿಯನ ಉಲ್ಲನ್ ಕಾಲುಚೀಲಗಳನ್ನು ಬಕೆಟ್ಟಿನಲ್ಲಿ ನೆನೆಹಾಕಲು ಹೋದ ಶೈಲಮ್ಮನ ಕೈ ಅಲ್ಲೇ ನಿಂತಿತು. ಹಿಮ್ಮಡಿಯ ಕಡೆ ಹೆಣಿಗೆ ಸವೆದು ಜಾಲರಿಯಂತಾಗಿತ್ತು. ಕಣಕಾಲಿನ ಸುತ್ತ ಬಿಳಿಯ ಗೆರೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ನೀರಿನ ಜೊತೆ ಶೂ ಒಳಗಿಳಿದು ಒಣಗಿತ್ತು. ದೀಪಾವಳಿ ಮುಗಿಸಿ ಗದಗಿನಿಂದ ಅಮೆರಿಕದ ಹಿಕ್ಸ್‌ವಿಲ್ಲಿಗೆ, ಮಗಳ ಮನೆಗೆ ಬಂದವಳು, ಮೊದಲ ಚಳಿಗೆ ಅಳಿಯನಿಗೆಂದು ತಾನೇ ಹೆಣೆದುಕೊಟ್ಟ ಜೋಡಿ ಅದು.

ಮನೆಯಿಂದ ಸ್ಟೇಷನ್ ಕೂಗಳತೆಯಲ್ಲಿತ್ತು. ಟ್ರೈನು ಬೆಚ್ಚಗಿರುತ್ತದೆ, ಮ್ಯಾನ್‌ಹ್ಯಾಟನ್ನಿನ ಆಫೀಸೂ ಬೆಚ್ಚಗಿರುತ್ತದೆ ಎಂದು ಅಳಿಯ ಮೃತ್ಯುಂಜಯನೇ ಹೇಳಿದ್ದ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತವನ ಕಾಲುಚೀಲ ಹೀಗೆ ಸವೆಯುವುದುಂಟೆ? ಶೈಲಮ್ಮನ ಗಂಡ ಮನೆಮನೆ ತಿರುಗಿ ಕರೆಂಟಿನ ಮೀಟರು ಓದಿಕೊಂಡು ಬರುತ್ತಿದ್ದವನು. ಅಡ್ಡಾಡುವವರ ಕಾಲುಚೀಲ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಸ ವರ್ಷ ಕಳೆದ ಮೇಲೆ ಅಳಿಯ ಆಫೀಸಿನ ಮಾತೇ ಎತ್ತುತ್ತಿಲ್ಲ ಎಂಬುದು ಈಗ ನೆನಪಿಗೆ ಬಂತು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿದಿರುತ್ತಿತ್ತು.

ಕೇಳುವುದು ಹೇಗೆ? ಅತ್ತೆ ಅಳಿಯನ ನಡುವೆ ಇದ್ದ ಮಾತೆಂದರೆ "ಚಹಾ ಮಾಡಲೇನು?", "ಬ್ಯಾಡ್ರಿ" ಇಷ್ಟೇ. ಮಗಳಿಗೆ ಹೇಳೋಣವೆಂದರೆ ಕೀರ್ತಿಗೆ ದಿನ ತುಂಬುತ್ತ ಬಂದಿತ್ತು. ಬಿ.ಪಿ. ಏರಿದೆ, ಮಲಗಿಯೇ ಇರಬೇಕು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಶೈಲಮ್ಮ ಕಾಲುಚೀಲ ಹಿಂಡಿ ಹೀಟರಿನ ಮೇಲೆ ಹರವಿದಳು. ಮಧ್ಯಾಹ್ನ ದಪ್ಪ ಉಲ್ಲನ್ನಿನ ಉಂಡೆ, ಕಡ್ಡಿ ಹಿಡಿದು ಮಗಳ ಹಾಸಿಗೆಯ ಪಕ್ಕ ಕೂತಳು.

ಎಳೆಯನ್ನು ಎರಡು ಮಡಿ ಮಾಡಿ ಹೆಣೆದಳು. ಹಿಮ್ಮಡಿ ಬಂದಾಗ ಇನ್ನಷ್ಟು ಬಿಗಿ ಹಿಡಿದಳು. ಜೋಡಿ ಮುಗಿದರೂ ಸಮಾಧಾನವಾಗಲಿಲ್ಲ. ಎಷ್ಟೇ ದಪ್ಪವಾದರೂ ಇಲ್ಲಿಯ ಗಾಳಿ ಹೆಣಿಗೆಯ ಸಂದಿನಲ್ಲಿ ನುಗ್ಗುತ್ತದೆ.

"ನಿನ್ನ ಹಳೇ ಫ್ಲೀಸ್ ಜಾಕೆಟ್ ಕತ್ತರಸಲೇನವಾ? ಒಂದೀಟು ಮೆತ್ತನ್ನ ಅರಬಿ ಬೇಕಾಗಿತ್ತು."

ಕೀರ್ತಿ ಅವ್ವನ ಮಡಿಲನ್ನು ಸ್ವಲ್ಪ ಹೊತ್ತು ನೋಡಿದಳು. "ತಗೋ ಅವ್ವಾ. ಅದೀಗ ನನಗ ಎಲ್ಲಿ ಹಿಡೀತೈತಿ," ಎಂದು ಮಗ್ಗುಲು ಬದಲಿಸಿದಳು. ಯಾರಿಗೆ, ಯಾಕೆ ಎಂದು ಕೇಳಲಿಲ್ಲ. ಹುಟ್ಟುವ ಕೂಸಿಗೆ ಏನೋ ಹೊಲಿಯುತ್ತೇನೆ ಅಂದುಕೊಂಡಿರಬೇಕು ಎಂದು ಶೈಲಮ್ಮ ನಿರಾಳವಾದಳು. ಜಾಕೆಟ್ಟಿನ ಬೆನ್ನನ್ನು ಪಾದದ ಅಳತೆಗೆ ಕತ್ತರಿಸಿ, ಹೊಲಿಗೆ ಅಂಗಾಲಿಗೆ ಒತ್ತದಂತೆ ಬದಿಗೆ ಸರಿಸಿ, ಕಾಲುಚೀಲದ ಒಳಗೆ ಕೂರಿಸಿದಳು.

ಸೋಮವಾರ ಬೆಳಿಗ್ಗೆ ಮೃತ್ಯುಂಜಯ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಬಂದಾಗ ಅವಳು ಅಲ್ಲೇ ನಿಂತಿದ್ದಳು.

"ಇವನ್ನ ಹಾಕ್ಕೊಂಡು ಹೋಗ್ರಿ."

ಅವನು ಒಳಗೆ ಬೆರಳು ತೂರಿಸಿ ನೋಡಿದ. "ಇಷ್ಟು ದಪ್ಪ ಯಾಕ್ರೀ ಅತ್ತೀ? ಆಫೀಸಿನಾಗ ಹೀಟರ್ ಇರತೈತಿ. ಕಾಲು ಬೆವರತಾವ."

"ಆಫೀಸಿಗಲ್ಲ," ಅಂದಳು ಶೈಲಮ್ಮ.

ಮೃತ್ಯುಂಜಯನ ಕಣ್ಣು ಮಲಗುವ ಕೋಣೆಯ ಬಾಗಿಲಿಗೆ ಹೋಗಿ ಬಂತು. ಶೂ ಇಡುವ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕುಳಿತ.

"ಕೀರ್ತಿಗೆ ಹೇಳೀರೇನು?"

"ಇಲ್ಲ."

"ವೈಟುಕೆ ಕೆಲಸ ಅದು. ಎರಡು ಸಾವಿರದ ಇಸವಿ ಬಂದಕೂಡ್ಲೆ ಕಂಪ್ಯೂಟರ್ ಕೆಡಬಾರದಂತ ಮಾಡೂದು," ಅವನ ದನಿ ತಗ್ಗಿತ್ತು. "ಹೊಸಾ ವರ್ಷ ಬಂತು, ಕಂಪ್ಯೂಟರೆಲ್ಲಾ ನೆಟ್ಟಗ ನಡದ್ವು. ನಾವು ಕೆಲಸ ಛಲೋ ಮಾಡಿದ್ದಕ್ಕ ನಮಗ ಕೆಲಸ ಇಲ್ದಂಗಾತು. ಇನ್ನೊಂದು ಪ್ರಾಜೆಕ್ಟ್ ಲಗೂನ ಸಿಗಲಿಲ್ಲ ಅಂದ್ರ ವೀಸಾನೂ ಇಲ್ಲ. ಹೆರಿಗಿ ಆಗೋತನಕ ಆಕಿಗೆ ಗೊತ್ತಾಗೂದು ಬ್ಯಾಡ ಅಂತ..."

"ದಿನಾ ಎಲ್ಲಿಗೆ ಹೋಗತೀರಿ?"

"ಲೈಬ್ರರಿಗೆ. ಅಲ್ಲೇ ಕುಂತು ರೆಸ್ಯೂಮೆ ಕಳಸ್ತೀನಿ. ಅದು ತಗಿಯೂದು ಹತ್ತಕ್ಕ. ಅಲ್ಲೀತನಕ ಅಡ್ಡಾಡತೀನ್ರಿ. ಸ್ಟೇಷನ್ನಿನಾಗ ಕುಂತ್ರ ಗುರ್ತಿನವರು ಗಂಟು ಬೀಳತಾರ."

ಸುಳ್ಳು ಹೇಳಿದ ಅಳಿಯನ ಮೇಲೆ ಸಿಟ್ಟು ಬರುತ್ತದೆಂದು ಶೈಲಮ್ಮ ಅಂದುಕೊಂಡಿದ್ದಳು. ಬರಲಿಲ್ಲ. ಹಿಮದಲ್ಲಿ, ನೋಡಿದ ಬೀದಿಗಳನ್ನೇ ಮತ್ತೆ ಮತ್ತೆ ಸುತ್ತುವ ಒಬ್ಬ ಗಂಡಸು ಕಣ್ಣಿಗೆ ಕಟ್ಟಿದ.

"ಹಾಕ್ಕೋರಿ," ಅಂದಳು. "ಹೊತ್ತಾತು."

ಅವನು ಕಾಲುಚೀಲ ಏರಿಸಿಕೊಂಡು, ತಲೆ ಬಗ್ಗಿಸಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಪಾದ ಸವರುತ್ತ ಕೂತ. ಆಮೇಲೆ ಕಪ್ಪು ಚರ್ಮದ ಶೂ ಎಳೆದುಕೊಂಡ. ಕಾಲು ಅರ್ಧಕ್ಕೇ ನಿಂತಿತು. ದಾರ ಸಡಿಲಿಸಿ ಮತ್ತೆ ತಳ್ಳಿದ. ಹೋಗಲಿಲ್ಲ. ಅತ್ತೆ ಅಳಿಯ ಇಬ್ಬರೂ ಆ ಶೂವನ್ನೇ ನೋಡುತ್ತಿದ್ದಾಗ ಮಲಗುವ ಕೋಣೆಯಿಂದ ಕೀರ್ತಿಯ ದನಿ ಕೇಳಿತು.

"ಅವ್ವಾ, ಆಫೀಸ್ ಶೂನಾಗ ಅವು ಹಿಡಿಯಂಗಿಲ್ಲ. ಅವರ ಸ್ನೋ ಬೂಟು ನಿನ್ನೇನ ತಗದು ಕಪಾಟಿನಾಗ ಮುಂದಿಟ್ಟೀನಿ. ಅಡ್ಡಾಡಾಕ ಅವ ಛಲೋ ಅಂತ ಹೇಳು."