ಒಂದೇ ಚೀಲ

ಕಾರು ಹೊರಡಲು ಇನ್ನು ಹತ್ತೇ ನಿಮಿಷ ಎನ್ನುವಾಗ ಬಸಲಿಂಗಯ್ಯನವರು ಎಂಟು ಲೀಟರಿನ ಪ್ರೆಶರ್ ಕುಕ್ಕರನ್ನು ಮಗುವಿನ ಹಾಗೆ ಎದೆಗವಚಿಕೊಂಡು ಪಾರ್ಕಿಂಗಿಗೆ ಬಂದರು. ವಾಲ್‌ಡಾರ್ಫಿನ ಕನ್ನಡ ಸಂಘದ ಅಧ್ಯಕ್ಷರು. ಹೋದ ಭಾನುವಾರ ಅನೂಪನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಜರ್ಮನಿಯಿಂದ ಮೈಸೂರಿಗೆ ಹಳೆಯ ರೇಷ್ಮೆ ಮಾರ್ಗದಲ್ಲಿ ಕಾರು ಓಡಿಸಿಕೊಂಡು ಹೊರಟ ವೀರ ಎಂದು ಹೊಗಳಿದ್ದವರು ಇವರೇ. ವೀರನ ಹೆಂಡತಿ ಸ್ಮಿತಾಳೂ ಜೊತೆಗೆ ಹೊರಟಿದ್ದಳಾದ್ದರಿಂದ ಅವಳಿಗೂ ಒಂದು ಗುಲಾಬಿ ಹೂವು ಕೊಟ್ಟಿದ್ದರು.

"ಇದೊಂದ ಇಟ್ಕೊಂಬಿಡ್ರಿ ಅನೂಪ್. ನಮ್ಮ ತಂಗಿಗೆ. ಜರ್ಮನ್ ಸ್ಟೀಲಿನ ಕುಕ್ಕರೇ ಬೇಕಂತ ಎರಡ ವರ್ಷದಿಂದ ಗಂಟ ಬಿದ್ದಾಳ."

"ನಿಮ್ಮ ತಂಗಿ ಇರೋದು ಹುಬ್ಬಳ್ಳೀಲಲ್ವಾ ಸರ್?"

"ಹದಿನೈದ ಸಾವಿರ ಕಿಲೋಮೀಟರ್ ಹೊಂಟೀರಿ. ಮೈಸೂರಿಂದ ಹುಬ್ಬಳ್ಳಿ ಏನ್ ದೂರ ರೀ?"

ಅನೂಪ್ ಕುಕ್ಕರಿಗೆ ಕೈ ಚಾಚಿದ. ಸ್ಮಿತಾ ಕಣ್ಣು ಮುಚ್ಚಿಕೊಂಡಳು.

ತಪ್ಪು ಅವರೊಬ್ಬರದೇ ಎನ್ನುವ ಹಾಗಿರಲಿಲ್ಲ. ಸನ್ಮಾನದ ದಿನ ಅನೂಪ್ ಮೈಕು ಹಿಡಿದು, "ಇದೇನು ವಿಮಾನವಲ್ಲ, ಇಲ್ಲಿ ಇಪ್ಪತ್ಮೂರು ಕೆ.ಜಿ.ಯ ಮಿತಿ ಇಲ್ಲ. ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಒಂದೇ ಚೀಲ" ಎಂದು ಭಾಷಣ ಬಿಗಿದಿದ್ದ. ಸಭಿಕರು ಮೊದಲ ವಾಕ್ಯಕ್ಕೇ ಚಪ್ಪಾಳೆ ತಟ್ಟಿದರು. ಎರಡನೆಯದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಮಾರನೆಯ ದಿನದಿಂದ ಪೊಟ್ಟಣಗಳು ಬರತೊಡಗಿದವು. ದಾವಣಗೆರೆಯ ಮಾವನಿಗೆ ಬಿ.ಪಿ. ನೋಡುವ ಯಂತ್ರ, ಮಂಡ್ಯದ ಮೊಮ್ಮಗುವಿಗೆ ತಳ್ಳುಗಾಡಿ, ಮಂಗಳೂರಿನ ಲೂಸಿಬಾಯಿಗೆ ಕಾಫಿ ಮೆಷಿನ್ನು, ಊರೂರಿಗೂ ಚಾಕೊಲೇಟು. ಊರಿಗೆ ಹೊರಟವರ ಕೈಯಲ್ಲಿ ಏನಾದರೊಂದು ಕಳಿಸದಿದ್ದರೆ ನಮ್ಮವರಿಗೆ ನಿದ್ದೆ ಹತ್ತುವುದಿಲ್ಲ. ಇನ್ನು ಅನೂಪನಿಗೆ, ಪೇಟ ತೊಟ್ಟ ತಲೆಯನ್ನು ಅಡ್ಡಡ್ಡ ಅಲ್ಲಾಡಿಸುವುದು ಹೇಗೆಂದು ತಿಳಿಯಲಿಲ್ಲ.

ಇದೇ ಅನೂಪ್ ತಿಂಗಳಿನಿಂದ ಇನ್‌ಸ್ಟಾಗ್ರಾಮಿನಲ್ಲಿ 'ಒಂದೇ ಚೀಲ' ಎಂಬ ಪುಟ ನಡೆಸುತ್ತಿದ್ದ. ಭಾರ ಇಳಿಸಬೇಕೆಂದು ಸ್ಮಿತಾಳ ಚೀಲದಿಂದ ಎರಡನೆಯ ಸ್ವೆಟರು ತೆಗೆಸಿದ್ದ, ಶಾಂಪೂ ತೆಗೆಸಿದ್ದ. ಕೊನೆಗೆ ಅವಳ ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಅದರ ವಿಡಿಯೋ ಹಾಕಿದ್ದ. ಹನ್ನೊಂದು ಸಾವಿರ ಜನ ಮೆಚ್ಚಿದ್ದರು. ಅವಳು ಎಲ್ಲವನ್ನೂ ಸಹಿಸಿಕೊಂಡಳು, ಏಕೆಂದರೆ ಈ ಪ್ರಯಾಣದ ಆಸೆ ಮೊದಲು ಹುಟ್ಟಿದ್ದು ಅವಳಲ್ಲಿ. ಮೈಸೂರಿನ ಅಗ್ರಹಾರದ ಟೈಲರ್ ಅಂಗಡಿಯಲ್ಲಿ, ಲಂಗದ ಅಳತೆ ಕೊಡುತ್ತಾ ನಿಂತಿದ್ದಾಗ, ಕ್ಯಾಲೆಂಡರಿನಲ್ಲಿ ಸಮರ್‌ಕಂದದ ನೀಲಿ ಗುಮ್ಮಟ ನೋಡಿದ್ದಳು. ಒಂದು ದಿನ ಅದರ ಮುಂದೆ ಹೋಗಿ ನಿಲ್ಲಬೇಕು ಎಂದುಕೊಂಡಾಗ ಅವಳಿಗೆ ಒಂಬತ್ತು ವರ್ಷ. ಈಗ ಮೂವತ್ತಾರು. ನಾಲ್ಕು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದಳು. ಆರು ತಿಂಗಳಿಂದ ಪ್ರತಿ ಭಾನುವಾರ ಹೈಡೆಲ್‌ಬರ್ಗಿನ ಗುಡ್ಡ ಹತ್ತಿಳಿದು ಹೊಸ ಬೂಟನ್ನು ಕಾಲಿಗೆ ಪಳಗಿಸಿದ್ದಳು.

ಡಿಕ್ಕಿ ತುಂಬಿತ್ತು. ಹಿಂದಿನ ಸೀಟು ತುಂಬಿತ್ತು. ಮೇಲಿನ ಕ್ಯಾರಿಯರ್ ಮೇಲೆ ತಳ್ಳುಗಾಡಿ ಕೂತಿತ್ತು. ಅನೂಪ್ ಕುಕ್ಕರನ್ನು ಮುಂದಿನ ಸೀಟಿನ ಮೇಲಿಟ್ಟು ಕಾರು ಸ್ಟಾರ್ಟ್ ಮಾಡಿದ. ಟಿಂಗ್ ಟಿಂಗ್ ಎಂದು ಕಾರು ಬಡಿದುಕೊಳ್ಳತೊಡಗಿತು. ಸೀಟಿನ ಮೇಲೆ ಭಾರವಿದ್ದರೆ ಬೆಲ್ಟು ಬೇಕು. ಅವನು ಕುಕ್ಕರಿಗೆ ಬೆಲ್ಟು ಹಾಕಿದ, ಸದ್ದು ನಿಂತಿತು.

"ಶಿಸ್ತಂದ್ರ ಇದು ನೋಡ್ರಿ!" ಎಂದು ಬಸಲಿಂಗಯ್ಯನವರು ಮೆಚ್ಚಿಕೊಂಡು, ಶುಭ ಹಾರೈಸಿ ಹೊರಟುಹೋದರು.

"ನಾನೆಲ್ಲಿ ಕೂತ್ಕೊಳ್ಲಿ?" ಎಂದಳು ಸ್ಮಿತಾ.

"ತೊಡೆ ಮೇಲೆ ಇಟ್ಕೊಂಡ್ರೆ ಆಯ್ತಪ್ಪ."

"ಮೂರು ತಿಂಗಳು?"

"ಮತ್ತೆ ಬೇಡ ಅಂತ ಹೇಗನ್ಲಿ? ಪೇಟ ತೊಡಿಸಿದಾರೆ ಕಣೇ!" ಅವನು ಒಂದು ಕ್ಷಣ ಯೋಚಿಸಿದ. ಮುಖ ಅರಳಿತು. "ಒಂದು ಕೆಲ್ಸ ಮಾಡು. ನೀನು ಫ್ಲೈಟಲ್ಲಿ ಸೀದಾ ಮೈಸೂರಿಗೆ ಬಂದ್ಬಿಡು. ನಿನ್ನ ಇಪ್ಪತ್ಮೂರು ಕೆ.ಜಿ.ಲಿ ಚಾಕೊಲೇಟೆಲ್ಲ ಹಾಕ್ಕೊಂಡ್ಬಾ. ಮರಳುಗಾಡಲ್ಲಿ ಹೇಗೂ ಕರಗೋಗತ್ತೆ."

ಸ್ಮಿತಾಳ ಸಿಟ್ಟು ನೆತ್ತಿಗೇರಿತು. ಆದರೆ ಅಂದು ಭಾನುವಾರ; ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡಬಾರದೆಂಬ ನಿಯಮ, ಗಟ್ಟಿಯಾಗಿ ಸಿಟ್ಟಾಗುವಂತೆಯೂ ಇಲ್ಲ, ಪಕ್ಕದ ಮನೆಯ ಕಿಟಕಿ ತೆರೆಯುತ್ತದೆ. ಅವಳು ಪಾರ್ಕಿಂಗಿನ ಕಲ್ಲಿನ ಮೇಲೆ ಕುಳಿತು ಬೂಟಿನ ಲಾಡಿ ಬಿಚ್ಚಿದಳು. ಎರಡನ್ನೂ ಜೋಡಿಸಿ ಅವನ ಕೈಗೆ ಕೊಟ್ಟಳು.

"ಇದನ್ನೂ ತಗೊಂಡು ಹೋಗು."

ಅನೂಪ್ ಅಭ್ಯಾಸಬಲದಿಂದ ಮೊಬೈಲಿನಲ್ಲಿ ಪೊಟ್ಟಣಗಳ ಪಟ್ಟಿ ತೆರೆದ. "ಯಾರಿಗೆ ಕೊಡ್ಬೇಕು?"

"ಯಾರಿಗೂ ಇಲ್ಲ. ಸಮರ್‌ಕಂದಲ್ಲಿ, ಆ ನೀಲಿ ಗುಮ್ಮಟದ ಮುಂದೆ, ಒಂದು ನಿಮಿಷ ನೆಲದ ಮೇಲಿಡು. ಸಾಕು."

ಅವಳು ಬರೀ ಕಾಲುಚೀಲದಲ್ಲಿ ಮೆಟ್ಟಿಲು ಹತ್ತಿದಳು. ಅವನು ಕರೆಯುತ್ತಾನೇನೋ ಎಂದು ಮೊದಲ ಮಹಡಿಯ ಕಿಟಕಿಯ ಬಳಿ ನಿಂತಳು. ಅಷ್ಟು ಹೊತ್ತು ನಿಂತದ್ದಕ್ಕೆ ಆಮೇಲೆ ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು. ಕೆಳಗೆ ಅನೂಪ್ ಬೂಟು ಹಿಡಿದು ಕಾರಿನ ಸುತ್ತ ಎರಡು ಸಲ ಸುತ್ತಿದ. ಎಲ್ಲೂ ಜಾಗವಿರಲಿಲ್ಲ. ಕೊನೆಗೆ ಮುಂದಿನ ಸೀಟಿನ ಬುಡದಲ್ಲಿ, ಕಾಲಿಡುವಲ್ಲಿ, ಎರಡನ್ನೂ ನೆಟ್ಟಗೆ ನಿಲ್ಲಿಸಿದ. ಪಟ್ಟಿಯಲ್ಲಿ ಏನೋ ಬರೆದುಕೊಂಡ. ಕಾರು ಮೆಲ್ಲಗೆ ರಸ್ತೆಗೆ ತಿರುಗಿತು.

ಬೆಲ್ಟು ಕಟ್ಟಿಕೊಂಡು, ಬೂಟು ಮೆಟ್ಟಿಕೊಂಡು, ಕುಕ್ಕರು ಸಮರ್‌ಕಂದಕ್ಕೆ ಹೊರಟಿತು.