ಗಾಬರಿಯಾದಾಗ ಒತ್ತಿ

"ಮೋಸ! ಶುದ್ಧ ಮೋಸ!"

ಡಾಕ್ಟರ್ ಹಾಳೆಗಳನ್ನು ಮೇಜಿನ ಮೇಲೆ ಎಸೆದರು. ಬ್ರೂಸ್‌ಪೇಟೆಯ ಆ ಮಹಡಿ ಕೋಣೆಯ ಫ್ಯಾನಿಗೆ ನಾಲ್ಕು ಹಾಳೆ ಹಾರಿದವು. ಸುಮೈರಾ ಬಗ್ಗಿ ಆರಿಸಿಕೊಂಡಳು.

"ನಲವತ್ತು ಮನೆ, ನಲವತ್ತು ಹೆಂಗಸರು. ಎಲ್ಲರಿಗೂ ಒಂದೇ ಹೊತ್ತಿಗೆ ಗಾಬರಿ ಆಗುತ್ತದೇನ್ರೀ?"

ಅವಳು ನೋಡಿದಳು. ಫೆಬ್ರವರಿ ಆರು, ಮಧ್ಯಾಹ್ನ 3:10. ಫೆಬ್ರವರಿ ಒಂಬತ್ತು, ನಸುಕಿನ 4:40. ಪ್ರತಿ ಸಲವೂ ಕಾಲು ಗಂಟೆಯೊಳಗೆ ಮೂವತ್ತೆಂಟು ಯಂತ್ರಗಳು ಕೆಲಸ ಮಾಡಿದ್ದವು. ಮೂರು ತಿಂಗಳು ಇದೇ ಕಥೆ.

ಬೆಂಕಿಪೊಟ್ಟಣದಷ್ಟೇ ಯಂತ್ರ. ಒಂದೇ ಗುಂಡಿ. ಒತ್ತಿದರೆ ಹನ್ನೆರಡು ನಿಮಿಷ ಒಂದು ಹೆಣ್ಣುದನಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ಮನಸ್ಸನ್ನು ಉಸಿರಿನ ಮೇಲಿಡಿ ಎನ್ನುತ್ತಿತ್ತು. ಒತ್ತಿದ ದಿನ, ಗಂಟೆ, ನಿಮಿಷ ಒಳಗೇ ದಾಖಲಾಗುತ್ತಿತ್ತು. ಕುರುಗೋಡಿನ ಆಚೆಯ ಹಳ್ಳಿಯಲ್ಲಿ ಅವನ್ನು ಮನೆಮನೆಗೆ ಕೊಟ್ಟು ಬಂದವಳು ಡಾಕ್ಟರ ಸಹಾಯಕಿ ಸುಮೈರಾ. ಕೊಡಿಸಿದ್ದು ಆ ಹಳ್ಳಿಯ ಪಕ್ಕದ ಸ್ಪಾಂಜ್ ಐರನ್ ಕಾರ್ಖಾನೆ.

ಉಸಿರು ಕಟ್ಟುತ್ತದೆ ಎಂಬ ಹೆಂಗಸರ ದೂರು ಎದೆಯದಲ್ಲ, ಮನಸ್ಸಿನದು. ಡಾಕ್ಟರ್ ಹಾಗೆಂದು ವರದಿ ಕೊಡಬೇಕಿತ್ತು. ವರದಿ ಅಹವಾಲು ಸಭೆಗೆ ಹೋಗಬೇಕು, ಎರಡನೇ ಚಿಮಣಿಗೆ ಒಪ್ಪಿಗೆ ಸಿಗಬೇಕು. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳು ಅವು. ಬಳ್ಳಾರಿಯಲ್ಲಿ ಯಾರಿಗೂ ಕಾಯುವ ತಾಳ್ಮೆ ಇರಲಿಲ್ಲ.

"ಕರೂರಿನವರನ್ನು ನೋಡಿ." ಡಾಕ್ಟರ್ ಇನ್ನೊಂದು ಕಟ್ಟು ತೆಗೆದರು. ಸಿರುಗುಪ್ಪ ಕಡೆಯ ಭತ್ತದ ಹಳ್ಳಿ ಅದು. ಹೋಲಿಕೆಗೆಂದು ಅಲ್ಲೂ ನಲವತ್ತು ಯಂತ್ರ ಕೊಟ್ಟಿದ್ದರು. "ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ, ಅವರವರ ಪಾಡಿಗೆ ಒತ್ತಿದ್ದಾರೆ. ಇವರು ಮಾತ್ರ ಕೂಡಿ ಕೂತು ನಾಟಕ ಆಡಿದ್ದಾರೆ. ಸಭೆಯಲ್ಲಿ ಯಾರಾದರೂ ಕೆದಕಿದರೆ ನನ್ನ ಹೆಸರು ಹಾಳು."

"ನಾ ಹೋಗಿ ವಿಚಾರಿಸ್ತೀನಿ ಸರ್," ಎಂದಳು ಸುಮೈರಾ. "ಒಬ್ಬೊಬ್ಬರ ಹೇಳಿಕೆ ಬರಕೊಂಡು ಬರ್ತೀನಿ."

ಹಳ್ಳಿಯ ಮೊದಲ ಮನೆಯ ಗುರುಬಸಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ಅಂಗಳದಲ್ಲಿ ಒಣಹಾಕಿದ್ದ ಶಾವಿಗೆಯ ಮೇಲೆ ಹಳೆಯ ಸೀರೆ ಹೊದಿಸಿತ್ತು.

"ಮತ್ತ ಬಂದ್ಯಾ ನಮ್ಮವ್ವಾ? ಹೋದ ಸಲ ಅಳತೀಯೋ ನಗತೀಯೋ ಅಂತ ಕೇಳಿದಿ. ಈ ಸಲ ಏನು, ಹಲ್ಲು ಎಣಸ್ತೀಯಾ?"

"ಇದನ್ನ ಒತ್ರಿ ಅಂತ ನಿಮಗ ಯಾರರ ಕರದು ಹೇಳಿದ್ರಾ?"

"ನೀನ ಹೇಳಿದ್ಯಲ್ಲಾ! ಗಾಬರಿ ಆದಾಗ ಒತ್ತು ಅಂತ. ಒತ್ತೀನಿ."

"ನಸುಕಿನಾಗೂ?"

"ನಸುಕಿನಾಗ ಯಾರು ಯಾರನ್ನ ಕರೀತಾರ? ಎಚ್ಚರಾತು, ಎದ್ದು ಕುಂತೆ, ಒತ್ತಿದೆ. ಉಸಿರು ಎಳಕೋ ಅಂತಾಳ ನಿಮ್ಮ ಪೆಟಿಗ್ಯಾಗಿನಾಕಿ. ಆಕಿನ್ನ ಕರಕೊಂಡು ಬಾ, ಇಲ್ಲಿ ಕುಂತು ಎಳಕೊಳ್ಳಲಿ ನೋಡೂಣು!"

ಎದುರು ಮನೆಯ ಕುಬ್ರಾಬಿ ಮಾತಿಗಿಂತ ಮೊದಲು ನೆಲಕ್ಕೆ ಉಗುಳಿದಳು.

"ನಮ್ಮ ಜಾತಿ ಹುಡುಗಿ ಅಂತ ಅವತ್ತು ಚಾ ಕೊಟ್ಟೆ. ಈ ಹಾಳಿಗೆ ಹೆಬ್ಬಟ್ಟು ಒತ್ತಿದ್ರ ಆ ಎರಡನೇ ಚಿಮಣಿಗೆ ಒತ್ತಿದಂಗ. ಹೌದಲ್ಲೋ ಬೇಟಿ?"

ಸುಮೈರಾ ಕಣ್ಣೆತ್ತಲಿಲ್ಲ. "ಒತ್ತರಿ ಚಾಚಿ," ಎಂದಳು. ಮಸಿ ಡಬ್ಬಿ ಮುಂದೆ ಹಿಡಿದಳು.

ಸಂಜೆಯ ಹೊತ್ತಿಗೆ ನಲವತ್ತು ಹೆಬ್ಬೆಟ್ಟು, ನಲವತ್ತು ಬೈಗುಳ. ಯಾವ ಮನೆ ಎಲ್ಲಿದೆ ಎಂಬುದನ್ನೂ ಅವಳು ಬರೆದುಕೊಂಡಳು. ಹನ್ನೊಂದು ಮನೆಗಳು ಊರಲ್ಲಿರಲಿಲ್ಲ. ಎರಡು ಕಿಲೋಮೀಟರು ದೂರದ ತೆಲುಗು ರೈತರು ಬಂದು ನೆಲೆಸಿದ್ದ ಕ್ಯಾಂಪಿನಲ್ಲಿದ್ದವು. ಅವರು ಯಾವಾಗಲೂ ಊರಿನವರಿಗಿಂತ ಹತ್ತು ನಿಮಿಷ ತಡವಾಗಿ ಒತ್ತಿದ್ದರು.

ಡಾಕ್ಟರ್ ಆ ಸಾಲನ್ನು ಎರಡು ಸಲ ಓದಿದರು. ಮುಖ ಅರಳಿತು.

"ಹತ್ತು ನಿಮಿಷ ತಡ! ಕೂಡಿ ಒತ್ತಿದ್ದರೆ ತಡ ಯಾಕಾಗುತ್ತಿತ್ತು? ಇದು ಸಾಮೂಹಿಕ ಗಾಬರಿ ಸುಮೈರಾ. ಒಬ್ಬಳ ಮನಸ್ಸಿನಿಂದ ಇನ್ನೊಬ್ಬಳ ಮನಸ್ಸಿಗೆ ಹಬ್ಬುತ್ತದೆ. ಎಂಥಾ ಪುರಾವೆ!"

"ಹಂಗಾದ್ರ ಸಮಯದ ಪಟ್ಟಿ ಪೂರ್ತಿ ಹಚ್ಚೂಣ ಸರ್. ಪುಟಪುಟಕ್ಕೂ ನಿಮ್ಮ ಸಹಿ ಇರ್ಲಿ. ಯಂತ್ರದ ನಿಮಿಷ ತಪ್ಪಿಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಂತ. ಆಮ್ಯಾಲೆ ಯಾರೂ ಬಾಯಿ ತೆಗೆಯಂಗಿಲ್ಲ."

ಡಾಕ್ಟರ್ ಅರವತ್ತೆರಡು ಸಹಿ ಹಾಕಿದರು.

ಕುರುಗೋಡಿನ ಅಹವಾಲು ಸಭೆಯಲ್ಲಿ ಕಾರ್ಖಾನೆಯ ಮ್ಯಾನೇಜರ್ ಮೊದಲು ಎದ್ದ. ಹೊಗೆ ಸೋಸುವ ಯಂತ್ರವನ್ನು ಒಂದು ನಿಮಿಷವೂ ನಿಲ್ಲಿಸಿಲ್ಲ ಎಂದ. ಸುಳ್ಳು, ನಿಲ್ಲಿಸುತ್ತಾರೆ ಎಂದು ಹೆಂಗಸರು ಕೂಗಿದರು. ಅವನು ನಕ್ಕ.

"ನಿಲ್ಲಿಸಿದ್ದರೆ ಯಾವ ತಾರೀಖು? ಎಷ್ಟು ಗಂಟೆಗೆ? ಎಲ್ಲಾದರೂ ಬರೆದಿಟ್ಟಿದ್ದೀರಾ?"

ಕೂಗು ನಿಂತಿತು. ಅವರಲ್ಲಿ ಬರೆಯಲು ಬರುತ್ತಿದ್ದವರೇ ಇಬ್ಬರು.

ಡಾಕ್ಟರ್ ಎದ್ದು ವರದಿ ಒಪ್ಪಿಸಿದರು. ಅಧಿಕಾರಿ ಪುಟ ತಿರುವಿದರು. "ಈ ಸಮಯಗಳನ್ನು ನಂಬಬಹುದೇ?"

"ನಿಮಿಷದ ಮಟ್ಟಿಗೆ. ನನ್ನ ಸಹಿ ಇದೆ."

ಮ್ಯಾನೇಜರ್ ಚಪ್ಪಾಳೆ ತಟ್ಟಿದ.

ಸುಮೈರಾ ಎದ್ದು ನಿಂತಳು. "ಗುರುಬಸಮ್ಮಾ, ನಿಮಗ ಯಾವಾಗ್ಯಾವಾಗ ಗಾಬರಿ ಆತು, ಸಾಹೇಬರಿಗೆ ಹೇಳ್ರಿ."

ಗುರುಬಸಮ್ಮ ಅವಳನ್ನು ದಿಟ್ಟಿಸಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು.

"ಚಿಮಣಿ ಕರೀ ಹೊಗಿ ಬಿಟ್ಟಾಗೆಲ್ಲ ಒತ್ತೀನ್ರಿ, ಒಂದು ಸಲಾನೂ ತಪ್ಪಿಸಿಲ್ಲ."