ಮಗಳ ಸರದಿ

"ಆಪರೇಷನ್ ಬೇಡಮ್ಮ, ಮಾತ್ರೆ ಸಾಕು," ಎಂದರು ಅತ್ತಿಗುಪ್ಪೆಯ ಡಾಕ್ಟರಮ್ಮ.

ಭಾಗವ್ವನಿಗೆ ಅದು ರುಚಿಸಲಿಲ್ಲ. ಮಗಳು ಶಿಲ್ಪಾಳ ಗರ್ಭಕೋಶ ತೆಗೆಸಲೆಂದೇ ಅವಳು ಚೀಲ ತುಂಬಿಕೊಂಡು ಬಂದಿದ್ದಳು. ಎಲ್ಲದಕ್ಕಿಂತ ಮೇಲೆ ಹಳೇ ಇಳಕಲ್ ಸೀರೆಯ ಪಟ್ಟಿಯಿತ್ತು. ಆಪರೇಷನ್ ಆದ ಮೇಲೆ ಹೊಟ್ಟೆಗೆ ಬಿಗಿಯಲು ಅಕ್ಕ ಅದನ್ನು ಭಾಗವ್ವನಿಗೆ ಕೊಟ್ಟಿದ್ದಳು, ಭಾಗವ್ವ ನಾದಿನಿಗೆ. ಈಗ ಮಗಳ ಸರದಿ.

"ಇಕಿದು ಮುಟ್ಟು ನಿಲ್ಲವಲ್ದ್ರೀ. ನನಗೂ ಹಿಂಗ ಆಗಿತ್ತು, ಮೂವತ್ತಕ್ಕ ತಗದು ಒಗದ್ರು," ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅದಕ್ಕೂ ಮೊದಲು ನಿಮಗೆ ಮಾತ್ರೆ ಕೊಟ್ಟು ನೋಡಿರ್ಲಿಲ್ವಾ?"

ಭಾಗವ್ವ ಮೇಜಿನ ಮೇಲಿದ್ದ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. ಮಾತ್ರೆಯ ಮಾತನ್ನೇ ಅಂದು ಯಾರೂ ಎತ್ತಿರಲಿಲ್ಲ.

"ಏಳ್ಬೇ ಯವ್ವಾ, ಹೋಗೂಣು," ಎಂದು ಶಿಲ್ಪಾ ಚೀಟಿ ಹಿಡಿದು ಎದ್ದಳು.

ಭಾಗವ್ವ ಏಳಲಿಲ್ಲ. ಎಂದೋ ಮಾಯ್ದ ಗಾಯದ ಮೇಲೆ ಆ ಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದಳು.